ಕೈಯಲ್ಲಿ ಒಂಜಿ ಎಲೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಉಡುಪಿಯ ನಮ್ಮ ಮನೆಯಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ನನ್ನ ಅತ್ತೆಗೆ ಚೆನ್ನೆಯೆಂದರೆ ಪ್ರಾಣ. ಆದರೆ ಅದಕ್ಕೆ ಕೂರುವವರು ಇಬ್ಬರೇ, ಉಳಿದವರು ಸುತ್ತ ಕೂತು ನೋಡಬೇಕು. ಶಾಲೆಗೆ ಮಳೆ ರಜೆ ಸಿಕ್ಕಿ ಮಕ್ಕಳೆಲ್ಲ ಮನೆಯಲ್ಲಿದ್ದ ಒಂದು ಸಂಜೆ ಮಗಳು ಊನೊ ಎಂಬ ಎಲೆಯಾಟದ ಕಟ್ಟು ತಂದು ಚಾಪೆಯ ಮೇಲಿಟ್ಟಳು.

"ಇಸ್ಪೀಟು ಮನೆಯೊಳಗೆ ಬೇಡ" ಎಂದರು ಅತ್ತೆ. ದುಡ್ಡು ಕಟ್ಟಿ ಆಡಿ ಹಾಳಾದ ಮನೆಗಳನ್ನು ಕಂಡವರು ಅವರು, ಆ ಮಾತಿಗೆ ತೂಕವಿತ್ತು. ಮಗಳು ಎಲೆಗಳನ್ನು ಹರಡಿ ತೋರಿಸಿದಳು. "ನೋಡಿ ಅಜ್ಜಿ, ರಾಜ, ರಾಣಿ, ಗುಲಾಮ ಯಾರೂ ಇಲ್ಲ. ಕೆಂಪು, ಹಳದಿ, ಹಸಿರು, ನೀಲಿ, ಅಷ್ಟೆ. ದುಡ್ಡೂ ಇಲ್ಲ."

ಆಟ ಸರಳ. ಎಲ್ಲರಿಗೂ ಏಳೇಳು ಎಲೆ ಹಂಚಿ, ನಡುವೆ ಒಂದನ್ನು ತೆರೆದಿಡುವುದು. ಅದೇ ಬಣ್ಣವೋ ಅದೇ ಅಂಕೆಯೋ ನಿಮ್ಮಲ್ಲಿದ್ದರೆ ಹಾಕಿ, ಇಲ್ಲವಾದರೆ ಕಟ್ಟಿನಿಂದ ಒಂದು ತೆಗೆದುಕೊಳ್ಳಿ. ಮೊದಲು ಕೈ ಖಾಲಿ ಮಾಡಿದವರು ಗೆದ್ದರು. ಕತ್ತೆ ಆಟ ಆಡಿ ಬೆಳೆದ ನಮಗೆ ಇದು ಹೊಸತೇನಲ್ಲ. ಅಲ್ಲಿಯೂ ಎಲೆ ಖಾಲಿ ಮಾಡುವುದೇ ಗುರಿ, ಕೊನೆಗೆ ಕೈಯಲ್ಲಿ ಎಲೆ ಉಳಿಸಿಕೊಂಡವರೇ ಕತ್ತೆ.

ಊನೊ ಹುಟ್ಟಿದ್ದೂ ಒಂದು ಮನೆಯ ಜಗಳದಿಂದ. ಅಮೆರಿಕದ ಓಹಾಯೊ ರಾಜ್ಯದ ಮೆರ್ಲ್ ರಾಬಿನ್ಸ್ ಎಂಬ ಕ್ಷೌರಿಕರಿಗೂ ಅವರ ಮಗನಿಗೂ ಇನ್ನೊಂದು ಇಸ್ಪೀಟಾಟದ ನಿಯಮದ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತಂತೆ. ಅದರಿಂದಲೇ 1971ರಲ್ಲಿ ಅವರು ಈ ಆಟ ಕಟ್ಟಿದರು. ಮನೆಮಂದಿ ಸೇರಿ 8000 ಡಾಲರ್ ಹೊಂದಿಸಿ 5000 ಕಟ್ಟು ಮಾಡಿಸಿದರು. ಮೊದಲು ಮಾರಿದ್ದು ತಮ್ಮ ಕ್ಷೌರದಂಗಡಿಯಲ್ಲೇ. ಈ ಕತೆ ಕೇಳಿದ ಮೇಲೆ ಆ ಕಟ್ಟಿನ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

ಕೈಯಲ್ಲಿ ಒಂದೇ ಎಲೆ ಉಳಿದಾಗ 'ಊನೊ' ಎಂದು ಕೂಗಬೇಕು. ಸ್ಪ್ಯಾನಿಷ್ ಮಾತಿನಲ್ಲಿ ಹಾಗೆಂದರೆ ಒಂದು. ಮರೆತು ಸಿಕ್ಕಿಬಿದ್ದರೆ ಎರಡು ಎಲೆ ದಂಡ. ಇದನ್ನು ಕೇಳಿ ಅತ್ತೆ, "ಒಂದು ಹೇಳ್ಲಿಕ್ಕೆ ಊನೊ ಯಾಕೆ ಮಗಾ? ಒಂಜಿ ಅಂದ್ರೆ ಆಗುದಿಲ್ವಾ?" ಎಂದರು. ಅಂದಿನಿಂದ ನಮ್ಮಲ್ಲಿ ತುಳುವಿನ ಒಂಜಿಯೇ.

ಪ್ಲಸ್ ಟೂ ಎಲೆ ಬಿದ್ದರೆ ಮುಂದಿನವರು ಎರಡು ಎಲೆ ತೆಗೆದುಕೊಳ್ಳಬೇಕು. ಅದರ ಮೇಲೆ ಇನ್ನೊಂದು ಪ್ಲಸ್ ಟೂ ಹಾಕಿ ದಂಡವನ್ನು ಮುಂದಿನವರ ತಲೆಗೆ ಕಟ್ಟುವ ರೂಢಿ ಅನೇಕ ಮನೆಗಳಲ್ಲಿದೆ. ಮೂಲ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಚಿಕ್ಕ ಮಕ್ಕಳಿದ್ದರೆ ಅದು ಬೇಡವೆಂದೇ ನಾನು ಹೇಳುತ್ತೇನೆ. ಒಮ್ಮೆಗೇ ಆರೆಂಟು ಎಲೆ ಬಿದ್ದರೆ ಆ ಪುಟ್ಟ ಕೈಗಳು ಹಿಡಿಯುವುದಾದರೂ ಹೇಗೆ? ಆಡಲು ಕೂರುವ ಮೊದಲೇ ತೀರ್ಮಾನಿಸಿಕೊಳ್ಳಿ. ಬೆಳಕಿನ ಕೆಳಗೆ ಕೂರಿ, ಮಬ್ಬಿನಲ್ಲಿ ಅತ್ತೆಗೆ ನೀಲಿಯೂ ಹಸಿರೂ ಒಂದೇ ಆಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಲೆಗೆ ಎಲೆ ಅಂಟಿ ಎರಡೆರಡು ಬರುತ್ತವೆ. ಒಂದು ಚಿಟಿಕೆ ಪೌಡರ್ ಸವರಿ ಒರೆಸಿಟ್ಟರೆ ಸರಾಗ ಜಾರುತ್ತವೆ. ಹಲಸಿನ ಹಪ್ಪಳದ ಎಣ್ಣೆ ಕೈ ಮಾತ್ರ ಬೇಡವೇ ಬೇಡ. ಬಾಯಾಡಿಸಲು ಸಾಂತಾಣಿ ಇದೆಯಲ್ಲ, ಒಣಗಿಸಿದ ಹಲಸಿನ ಬೀಜ, ಕೈಗೆ ಅಂಟುವುದಿಲ್ಲ.

ಆ ಮೊದಲ ಸಂಜೆ ಅತ್ತೆ ತಮ್ಮ ಕೊನೆಯ ಎಲೆಯನ್ನು ಚಾಪೆಯ ಮೇಲೆ ಮಗುಚಿಟ್ಟು, ಮೇಲೆ ಅಂಗೈ ಒತ್ತಿ, ಮೆಲ್ಲಗೆ "ಒಂಜಿ" ಎಂದರು. ಹಂಚಿನ ಮೇಲೆ ಸುರಿಯುವ ಮಳೆಗೆ ಅದು ಯಾರಿಗೂ ಕೇಳಲಿಲ್ಲ. "ಅಜ್ಜಿ ಹೇಳಲೇ ಇಲ್ಲ!" ಎಂದ ಕಿರಿಯವನು. ಅತ್ತೆ ವಾದಿಸದೆ ಎರಡು ಎಲೆ ತೆಗೆದುಕೊಂಡರು. ಮುಂದಿನ ಸುತ್ತಿನಲ್ಲಿ ಮಾತ್ರ ಎಂಥ "ಒಂಜಿ!" ಬಂತೆಂದರೆ, ಪಕ್ಕದ ಮನೆಯ ಜಗಲಿಯಿಂದ "ದಾನೆ ಅಕ್ಕ?" ಎಂದು ಗಾಬರಿಯ ದನಿ ಕೇಳಿತು.

ಅತ್ತೆ ಅವರನ್ನೂ ಆಟಕ್ಕೆ ಕರೆದರು.