ಮನಸ್ಸು ಓದಿ ಕೊಲೆಗಾರನನ್ನು ಹಿಡಿಯಬಹುದಾ? ವಿಂಬಲ್ಡನ್ ಕಾಮನ್ ಪ್ರಕರಣ

[ತೆರೆಯ ಮೇಲೆ: ಲಂಡನ್, 1992]

ನಮಸ್ಕಾರ. ಥ್ರಿಲ್ಲರ್ ಸಿನಿಮಾಗಳಲ್ಲಿ ನೋಡಿರುತ್ತೀರಿ. ಮನಶ್ಶಾಸ್ತ್ರಜ್ಞ ಕೊಲೆ ನಡೆದ ಜಾಗ ನೋಡಿ ಕೊಲೆಗಾರ ಎಂಥವನು ಅಂತ ಹೇಳುತ್ತಾನೆ, ಪೊಲೀಸರು ಹೋಗಿ ಅಂಥವನನ್ನೇ ಹಿಡಿಯುತ್ತಾರೆ. ಲಂಡನ್ನಿನಲ್ಲಿ ಇದು ನಿಜವಾಗಿಯೂ ನಡೆಯಿತು. ಆದರೆ ಸಿಕ್ಕಿಬಿದ್ದವನು ಕೊಲೆ ಮಾಡಿರಲಿಲ್ಲ.

ವಿಂಬಲ್ಡನ್ ಅಂದರೆ ನಮಗೆ ಟೆನಿಸ್ ನೆನಪಾಗುತ್ತದೆ, ಅಲ್ವಾ? ಅದೇ ಊರಲ್ಲಿ ಮರಗಿಡಗಳ ದೊಡ್ಡ ಬಯಲೊಂದಿದೆ, ವಿಂಬಲ್ಡನ್ ಕಾಮನ್. ಜುಲೈ 15ರ ಬೆಳಗ್ಗೆ 23 ವರ್ಷದ ತಾಯಿಯೊಬ್ಬರು ಮಗನನ್ನೂ ನಾಯಿಯನ್ನೂ ಕರೆದುಕೊಂಡು ಅಲ್ಲಿ ನಡೆದು ಹೋಗುತ್ತಿದ್ದರು. ಹಾಡಹಗಲಲ್ಲೇ ಒಬ್ಬ ಅವರನ್ನು ಇರಿದು ಕೊಂದ. ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಅದರ ಕಣ್ಣೆದುರೇ ಎಲ್ಲ ನಡೆದುಹೋಯಿತು.

ಪೊಲೀಸರ ಕೈಯಲ್ಲಿ ಗಟ್ಟಿ ಸುಳಿವೇನೂ ಇರಲಿಲ್ಲ. ಅವರು ಫೊರೆನ್ಸಿಕ್ ಮನಶ್ಶಾಸ್ತ್ರಜ್ಞ ಪಾಲ್ ಬ್ರಿಟನ್ ಅವರ ನೆರವು ಕೇಳಿದರು. ಕೊಲೆಗಾರ ಒಂಟಿ, ಕಾಮನ್ ಹತ್ತಿರವೇ ಇರುವವನು ಎಂದಿತು ಅವರ ಪ್ರೊಫೈಲ್, ಅಂದರೆ ಕೊಲೆಗಾರ ಎಂಥವನಿರಬಹುದು ಎಂಬ ಅಂದಾಜು ಚಿತ್ರ. ಅದು ಟಿವಿಯಲ್ಲಿ ಬಂತು. ನೋಡಿದ ಜನ ಫೋನ್ ಮಾಡಿ ಕಾಲಿನ್ ಸ್ಟಾಗ್ ಎಂಬಾತನ ಹೆಸರು ಹೇಳಿದರು. ಒಂಟಿಯಾಗಿದ್ದ, ಅದೇ ಬಯಲಲ್ಲಿ ನಾಯಿ ಕರೆದುಕೊಂಡು ಓಡಾಡುತ್ತಿದ್ದ.

ಅಂಥವರು ಆ ಊರಲ್ಲಿ ಎಷ್ಟು ಜನ ಇದ್ದರೋ! ಪ್ರೊಫೈಲಿನ ಕಷ್ಟವೇ ಇದು. 1986ರಲ್ಲಿ ಡೇವಿಡ್ ಕ್ಯಾಂಟರ್ ಎಂಬ ಮನಶ್ಶಾಸ್ತ್ರಜ್ಞರು ಕೊಟ್ಟ ಪ್ರೊಫೈಲ್, ಜಾನ್ ಡಫಿ ಎಂಬ ಕೊಲೆಗಾರನನ್ನು ಹಿಡಿಯಲು ನೆರವಾಗಿತ್ತು. ಡಫಿಯ ಹೆಸರು ಪೊಲೀಸರ ಉದ್ದದ ಪಟ್ಟಿಯಲ್ಲಿ ಮೊದಲೇ ಇತ್ತು. ಆ ಪಟ್ಟಿಯಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ಪ್ರೊಫೈಲ್ ತೋರಿಸಿತು. ಅದರ ಕೆಲಸ ಅಷ್ಟೇ. ವಿಂಬಲ್ಡನ್ ಪ್ರಕರಣದಲ್ಲಿ ಪ್ರೊಫೈಲನ್ನೇ ಸಾಕ್ಷಿಯ ಹಾಗೆ ನಂಬಿದರು.

[ತೆರೆಯ ಮೇಲೆ: ಕೈಬರಹದ ಪತ್ರಗಳು]

ಮುಂದಿನದು ನನಗೆ ತುಂಬಾ ಕೆಟ್ಟದ್ದು ಅನ್ನಿಸುವ ಭಾಗ. ಸ್ಟಾಗ್‌ನ ಬಾಯಿ ಬಿಡಿಸಲು ಮಹಿಳಾ ಪೊಲೀಸ್ ಒಬ್ಬರು 'ಲಿಜ್ಜಿ ಜೇಮ್ಸ್' ಎಂಬ ಸುಳ್ಳು ಹೆಸರಿನಲ್ಲಿ ಆತನಿಗೆ ಪತ್ರ ಬರೆಯತೊಡಗಿದರು. ಹೇಗೆ ಮುಂದುವರಿಯಬೇಕು ಅಂತ ಸಲಹೆ ಕೊಡುತ್ತಿದ್ದವರು ಬ್ರಿಟನ್. ತಿಂಗಳುಗಟ್ಟಲೆ ಪತ್ರ, ಫೋನು, ಹೈಡ್ ಪಾರ್ಕಿನಲ್ಲಿ ಭೇಟಿ. ವಿಂಬಲ್ಡನ್ ಕೊಲೆ ನೀನೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತನ್ನೂ ಆಕೆ ಆಡಿದರು. ಜೊತೆಗೊಬ್ಬಳು ಬೇಕು ಅಂತ ಹಂಬಲಿಸುತ್ತಿದ್ದ ಆತ, ಆಕೆಯನ್ನು ಕಳೆದುಕೊಳ್ಳುವ ಭಯವಿದ್ದರೂ, ಕ್ಷಮಿಸಿ, ನಾನು ಮಾಡಿಲ್ಲ ಅಂದ.

ಆದರೂ 1993ರ ಆಗಸ್ಟ್‌ನಲ್ಲಿ ಆತನನ್ನು ಬಂಧಿಸಿದರು. ಸುಮಾರು 13 ತಿಂಗಳು ಜೈಲು. 1994ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಆಗ್ನಲ್ ಈ ಬಲೆ ಬೀಸಿ ತಂದ ಸಾಕ್ಷಿಯನ್ನು ತಳ್ಳಿಹಾಕಿದರು. ಪ್ರಕರಣ ಬಿದ್ದುಹೋಯಿತು.

ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್. ಅವನು ಇದ್ದದ್ದು ಕಾಮನ್ ಹತ್ತಿರ ಅಲ್ಲ, ಲಂಡನ್ನಿನ ಇನ್ನೊಂದು ಮೂಲೆಯ ಪ್ಲಮ್‌ಸ್ಟೆಡ್ ಕಡೆ. ಸ್ಟಾಗ್ ಜೈಲಿನಲ್ಲಿದ್ದಾಗಲೇ, 1993ರ ನವೆಂಬರಿನಲ್ಲಿ, ನ್ಯಾಪರ್ ಇನ್ನೊಬ್ಬ ತಾಯಿಯನ್ನೂ ಅವರ ನಾಲ್ಕು ವರ್ಷದ ಮಗಳನ್ನೂ ಮನೆಯೊಳಗೇ ಕೊಂದ. ಆ ಪ್ರಕರಣದಲ್ಲಿ ಸಿಕ್ಕಿಬಿದ್ದು, ಮಾನಸಿಕ ಕಾಯಿಲೆಯ ಅಪರಾಧಿಗಳನ್ನು ಬಿಗಿ ಕಾವಲಿನಲ್ಲಿಡುವ ಬ್ರಾಡ್‌ಮೂರ್ ಆಸ್ಪತ್ರೆ ಸೇರಿದ. ಮುಂದೆ ಡಿಎನ್‌ಎ ಪರೀಕ್ಷೆ ಸುಧಾರಿಸಿದ ಮೇಲೆ ವಿಂಬಲ್ಡನ್ ಕೊಲೆಗೂ ಅವನಿಗೂ ಇದ್ದ ನಂಟು ಹೊರಬಿತ್ತು. 2008ರ ಡಿಸೆಂಬರಿನಲ್ಲಿ ಅವನು ತಪ್ಪೊಪ್ಪಿಕೊಂಡ. ಅದೇ ವರ್ಷ ಸ್ಟಾಗ್‌ಗೆ 7,06,000 ಪೌಂಡ್ ಪರಿಹಾರ ಸಿಕ್ಕಿತು. ಪೊಲೀಸರು ಕ್ಷಮೆ ಕೇಳಿದರು.

ಇದನ್ನೆಲ್ಲ ಓದುವಾಗ ನನಗೆ ಜಾಸ್ತಿ ಸಂಕಟ ಆದದ್ದು ಇನ್ನೊಂದು ವಿಷಯಕ್ಕೆ. 1989ರಲ್ಲೇ ನ್ಯಾಪರ್‌ನ ತಾಯಿ ಪೊಲೀಸರಿಗೆ ಫೋನ್ ಮಾಡಿ, ನನ್ನ ಮಗ ಒಬ್ಬಳ ಮೇಲೆ ಅತ್ಯಾಚಾರ ಮಾಡಿದ್ದಾಗಿ ಹೇಳಿದ್ದಾನೆ ಅಂದಿದ್ದರು. ಪೊಲೀಸರು ಅದನ್ನು ಮುಂದುವರಿಸಲಿಲ್ಲ. 1992ರಲ್ಲಿ ಬೇರೆ ಅತ್ಯಾಚಾರಗಳ ತನಿಖೆಯಲ್ಲಿ ಅವನನ್ನು ಪರೀಕ್ಷೆಗೆ ರಕ್ತದ ಮಾದರಿ ಕೊಡಲು ಕರೆದರು. ಅವನು ಬರಲೇ ಇಲ್ಲ. ನಾವು ಹುಡುಕುತ್ತಿರುವವನಿಗಿಂತ ಎತ್ತರ ಜಾಸ್ತಿ, ಇವನಿರಲಾರ ಅಂತ ಪೊಲೀಸರು ಕೈಬಿಟ್ಟರು.