ಕಾರ್ಯಕ್ರಮದ ಹೆಸರು ಬೇಡ, ಕಂತು ಹೇಳಿ

ಎಲ್ಲರಿಗೂ ನಮಸ್ಕಾರ.

ಚಹಾದ ಹೊತ್ತಿನಲ್ಲಿ ಮೂವರು ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು: ‘ನಗಿಸುವಂಥ ಒಳ್ಳೆಯ ಪಾಡ್‌ಕಾಸ್ಟ್ ಯಾವುದಿದೆ, ಹೇಳಿ.’ ನಾನು ಉತ್ತರ ಕೊಡದೆ ಅವರನ್ನೇ ಕೇಳಿದೆ: ‘ಯಾರಿಗೆ? ಯಾವ ಹೊತ್ತಿಗೆ?’ ಒಬ್ಬರ ಮುಖ ಸಪ್ಪಗಾಯಿತು. ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಬರೆದುಕೊಂಡು ಬಂದ ಪೀಠಿಕೆ ಪಕ್ಕಕ್ಕಿರಲಿ, ಅವರಿಗೆ ಕೊಡಬೇಕಾದ ಉತ್ತರದಿಂದಲೇ ಶುರು ಮಾಡುತ್ತೇನೆ.

ಆ ಪ್ರಶ್ನೆಯನ್ನು ನನಗೆ ಕಲಿಸಿದವರು ಹುಬ್ಬಳ್ಳಿಯ ಒಬ್ಬ ಕ್ಯಾಸೆಟ್ ಅಂಗಡಿಯವರು. ನಮ್ಮ ತಂದೆ ಕಾಲು ಮುರಿದುಕೊಂಡು ಮಲಗಿದ್ದರು. ತೊಡೆಯವರೆಗೆ ಪ್ಲಾಸ್ಟರ್. ನಿವೃತ್ತಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಯಾರೊಂದಿಗೂ ಮಾತಿಲ್ಲ, ಪತ್ರಿಕೆ ಕೊಟ್ಟರೂ ಮಡಿಕೆ ಬಿಚ್ಚುತ್ತಿರಲಿಲ್ಲ. ಏನಾದರೂ ಹಾಸ್ಯದ ಕ್ಯಾಸೆಟ್ ತಂದು ಹಾಕೋಣವೆಂದು ಹೋದೆ. ‘ಯಾವುದಾದರೂ ಒಳ್ಳೆಯದು ಕೊಡಿ’ ಎಂದೆ. ಅಂಗಡಿಯವರು ಕೈಯಲ್ಲಿದ್ದ ಬಟ್ಟೆಯಿಂದ ಗಾಜು ಒರೆಸುತ್ತಲೇ ‘ಯಾರಿಗೆ?’ ಎಂದರು. ತಂದೆಗೆ. ವಯಸ್ಸೆಷ್ಟು? ಐವತ್ತೊಂಬತ್ತು. ಏನು ಕೆಲಸದಲ್ಲಿದ್ದರು? ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಷ್ಟು ಕೇಳಿದ ಮೇಲೆ ಬಟ್ಟೆ ಕೆಳಗಿಟ್ಟು, ಮೇಲಿನ ಅರೆಯಿಂದ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ತೆಗೆದರು. ನನಗೆ ಕೊಡಲಿಲ್ಲ. ತಮ್ಮ ಟೇಪ್ ರೆಕಾರ್ಡರಿಗೆ ಹಾಕಿ ಸ್ವಲ್ಪ ಕೇಳಿದರು, ನಿಲ್ಲಿಸಿದರು, ಹೊರತೆಗೆದು ಪೆನ್ಸಿಲ್ ತೂರಿಸಿ ನಾಲ್ಕು ಸುತ್ತು ಸುತ್ತಿದರು, ಮತ್ತೆ ಹಾಕಿ ಕೇಳಿದರು. ತಮಗೆ ಬೇಕಾದ ಜಾಗ ಸಿಕ್ಕಿತು. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಕೊಡುತ್ತಾ ಹೇಳಿದರು: ‘ಇಲ್ಲಿಂದ ಕೇಳಿಸಿ. ಮೊದಲಿನಿಂದ ಬೇಡ. ಹಿಡಿಸಿದರೆ ಅವರೇ ಹಿಂದಕ್ಕೆ ಸುತ್ತುತ್ತಾರೆ.’

ಮನೆಗೆ ಬಂದು ಅಲ್ಲಿಂದಲೇ ಹಾಕಿದೆ. ಐದು ನಿಮಿಷ ಮೌನ. ಆಮೇಲೆ ಪ್ಲಾಸ್ಟರ್ ಹಾಕಿದ ಕಾಲು ಅಲುಗತೊಡಗಿತು. ನಗುವನ್ನು ತಡೆದುಕೊಳ್ಳಲು ಹೋಗಿ ತಂದೆಯ ಕಣ್ಣಲ್ಲಿ ನೀರು ಬಂದಿತ್ತು. ಅಡುಗೆಮನೆಯಿಂದ ತಾಯಿ ಓಡಿ ಬಂದರು, ನೋವೇ ಹೆಚ್ಚಾಯಿತೆಂದು ಗಾಬರಿಯಾಗಿ. ಸಂಜೆ ನೋಡಿದರೆ ದಿಂಬಿನ ಪಕ್ಕದಲ್ಲಿ ಒಂದು ಪೆನ್ಸಿಲ್ ಇತ್ತು.

ಶಿಫಾರಸು ಎಂದರೆ ಇದು. ಇಂದು ನಾವು ಮಾಡುವುದೇನು? ‘ಬಹಳ ಚೆನ್ನಾಗಿದೆ, ಕೇಳಿ’ ಎಂದು ಕಾರ್ಯಕ್ರಮದ ಹೆಸರು ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಅದು ಗ್ರಂಥಾಲಯದ ವಿಳಾಸ ಕೊಟ್ಟು ಪುಸ್ತಕ ಓದು ಎಂದಂತೆ. ಕಾರ್ಯಕ್ರಮದ ಹೆಸರು ಬೇಡ, ಕಂತು ಹೇಳಿ.

‘ಪಾಡ್‌ಕಾಸ್ಟ್’ ಎಂಬ ಪದ ಮೊದಲು ಅಚ್ಚಾದದ್ದು 2004ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ, ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ. ಮರುವರ್ಷದ ಜೂನ್‌ನಲ್ಲಿ ಆ್ಯಪಲ್ ಪಾಡ್‌ಕಾಸ್ಟ್‌ಗಳನ್ನು ಹಾಡು ಕೇಳುವ ತನ್ನ ತಂತ್ರಾಂಶ ಐಟ್ಯೂನ್ಸ್‌ಗೆ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಹಾಸ್ಯಗಾರರಾದ ರಿಕಿ ಜರ್ವೇಸ್, ಸ್ಟೀಫನ್ ಮರ್ಚಂಟ್ ಮತ್ತು ಅವರ ಗೆಳೆಯ ಕಾರ್ಲ್ ಪಿಲ್ಕಿಂಗ್ಟನ್ ಮೂವರೂ ತಮ್ಮ ಪಾಡ್‌ಕಾಸ್ಟ್‌ಗಾಗಿ ಮೈಕ್ ಮುಂದೆ ಕುಳಿತರು. ಮೊದಲ ಸರಣಿ 12 ಕಂತು, ಒಂದೊಂದೂ ಸುಮಾರು ಅರ್ಧ ಗಂಟೆ. ಮೊದಲ ತಿಂಗಳಲ್ಲೇ ಪ್ರತಿ ಕಂತಿಗೆ ಸರಾಸರಿ 2,60,000ಕ್ಕೂ ಹೆಚ್ಚು ಡೌನ್‌ಲೋಡ್, ಗಿನ್ನೆಸ್ ದಾಖಲೆಯಾಯಿತು.

ಅಷ್ಟು ದೊಡ್ಡ ಹೆಸರೆಂದು ನನ್ನ ತಂಗಿಯ ಮಗಳು ಅದನ್ನು ಮೊದಲ ಕಂತಿನಿಂದ ಕೇಳಲು ಹೊರಟಳು. ಹತ್ತು ನಿಮಿಷಕ್ಕೆ ನಿಲ್ಲಿಸಿದಳು. ‘ಮೂರು ಜನ ತಮ್ಮತಮ್ಮಲ್ಲೇ ನಗುತ್ತಿದ್ದಾರೆ’ ಎಂದಳು. ಅವಳು ಹೇಳಿದ್ದು ಸರಿ, ಮತ್ತು ವಿಷಯ ಇರುವುದೂ ಅಲ್ಲಿಯೇ. ಅದಕ್ಕೂ ಮುಂಚೆ ಆ ಮೂವರು ಲಂಡನ್ನಿನ ಒಂದು ರೇಡಿಯೊದಲ್ಲಿ ವರ್ಷಗಟ್ಟಲೆ ಜೊತೆಗಿದ್ದವರು. ಕಾರ್ಲ್ ಅಲ್ಲಿ ಅವರ ಕಾರ್ಯಕ್ರಮದ ನಿರ್ಮಾಪಕ. ಹಾಸ್ಯದ ಪಾಡ್‌ಕಾಸ್ಟ್ ಒಂದು ಅರಳಿಕಟ್ಟೆ. ಕಟ್ಟೆಗೆ ಹೊಸಬ ಬಂದು ಕುಳಿತರೆ ಮೊದಲ ದಿನ ಅವನಿಗೆ ನಗು ಬರುವುದಿಲ್ಲ. ಯಾರು ಜಿಪುಣ, ಯಾರು ಸುಳ್ಳುಗಾರ, ಯಾರನ್ನು ಕೆಣಕಿದರೆ ಸಿಟ್ಟಾಗುತ್ತಾರೆ, ಇದು ತಿಳಿದ ಮೇಲೆಯೇ ಒಂದು ಕೆಮ್ಮಿಗೂ ನಗು ಬರುತ್ತದೆ. ಆದ್ದರಿಂದ ಹೊಸಬನಿಗೆ ಕಟ್ಟೆಯ ಪರಿಚಯವಾಗುವ ಕಂತನ್ನು ಆರಿಸಿ ಕೊಡಬೇಕು. ಅವಳಿಗೆ ಕಾರ್ಲ್ ಮಂಗಗಳ ಸುದ್ದಿ ಹೇಳುವ ಭಾಗವೊಂದನ್ನು ಕಳಿಸಿದೆ. ಮಂಗವೊಂದು ಮನುಷ್ಯರ ನೌಕರಿ ಮಾಡಿತೆಂದು ಆತ ಪಂಚಾಂಗ ಓದುವಷ್ಟು ಗಂಭೀರವಾಗಿ ಹೇಳುತ್ತಾನೆ. ಮರ್ಚಂಟ್ ವಕೀಲನಂತೆ ಪಾಟೀಸವಾಲು ಹಾಕುತ್ತಾನೆ. ಜರ್ವೇಸ್‌ಗೆ ಉಸಿರು ಕಟ್ಟುವಷ್ಟು ನಗು. ಐದೇ ನಿಮಿಷದಲ್ಲಿ ಮೂವರ ಸ್ವಭಾವವೂ ಗೊತ್ತಾಗುತ್ತದೆ. ಮರುವಾರ ಅವಳು ಮೊದಲ ಕಂತಿಗೆ ತಾನಾಗಿಯೇ ಹಿಂದಿರುಗಿದ್ದಳು.

ಹಾಗಾದರೆ ಆ ಕಂತನ್ನು ಹುಡುಕುವುದು ಹೇಗೆ? ಜನಪ್ರಿಯತೆಯ ಪಟ್ಟಿ ಎಷ್ಟು ಜನ ಕೇಳುತ್ತಿದ್ದಾರೆ ಎನ್ನುತ್ತದೆ, ನಿಮಗೆ ನಗು ಬರುವುದೇ ಎನ್ನುವುದಿಲ್ಲ. ನಾನು ನಂಬುವುದು ಅತಿಥಿಯ ಜಾಡನ್ನು. ಒಬ್ಬ ಹಾಸ್ಯಗಾರ ಇಷ್ಟವಾದರೆ ಅವನ ಹೆಸರನ್ನು ಹಾಕಿ ಹುಡುಕಿ. ಅವನು ಬೇರೆ ಹತ್ತು ಕಾರ್ಯಕ್ರಮಗಳಿಗೆ ಅತಿಥಿಯಾಗಿ ಹೋಗಿರುತ್ತಾನೆ. ಪರಿಚಿತ ದನಿಯ ಕೈಹಿಡಿದು ಅಪರಿಚಿತರ ಮನೆಗೆ ಹೋದಂತೆ. ಅಲ್ಲಿ ಆತಿಥೇಯ ಹಿಡಿಸಿದನೇ, ಅವನ ಜಾಡು ಹಿಡಿಯಿರಿ. ಅಮೆರಿಕದ ಹಾಸ್ಯಗಾರ ಮಾರ್ಕ್ ಮ್ಯಾರನ್ 2009ರಲ್ಲಿ ಶುರು ಮಾಡಿ, ಲಾಸ್ ಏಂಜಲೀಸ್‌ನ ತನ್ನ ಗ್ಯಾರೇಜಿನಲ್ಲಿ ಬಹುಕಾಲ ನಡೆಸಿ, 2025ರಲ್ಲಿ ಮುಗಿಸಿದ ‘ಡಬ್ಲ್ಯುಟಿಎಫ್’ ಕಾರ್ಯಕ್ರಮ ಇಂಥ ಜಾಡುಗಳ ಜಂಕ್ಷನ್ ಆಗಿತ್ತು. 2015ರಲ್ಲಿ ಆ ಗ್ಯಾರೇಜಿಗೆ ಆಗಿನ ಅಧ್ಯಕ್ಷ ಒಬಾಮ ಬಂದು ಕುಳಿತರು. ಆದರೆ ನಾನು ಕೊಡುವ ಕಂತು ಅದಲ್ಲ. 2010ರಲ್ಲಿ ಬಿಡುಗಡೆಯಾದ, ಹಾಸ್ಯನಟ ರಾಬಿನ್ ವಿಲಿಯಮ್ಸ್ ಜೊತೆಗಿನ ಕಂತು. ಮಾತಿನ ಸಿಡಿಮದ್ದೆಂದೇ ಹೆಸರಾದ ಮನುಷ್ಯ ಅಲ್ಲಿ ಮೆಲುದನಿಯಲ್ಲಿ ತನ್ನ ಕುಡಿತದ ಬಗ್ಗೆ, ಭಯದ ಬಗ್ಗೆ ಮಾತನಾಡುತ್ತಾರೆ. ರಾತ್ರಿ ಒಬ್ಬರೇ ಇರುವಾಗ ಕೇಳಿ. ಪಾತ್ರೆ ತೊಳೆಯುತ್ತಾ ಬೇಡ. ಪಾತ್ರೆ ತೊಳೆಯುವಾಗ ಬೇಕಾದರೆ ‘ನೋ ಸಚ್ ಥಿಂಗ್ ಆ್ಯಸ್ ಎ ಫಿಶ್’ ಇದೆ. 2014ರಿಂದ ನಡೆಯುತ್ತಿದೆ; ನಾಲ್ವರು ವಾರಕ್ಕೊಂದೊಂದು ವಿಚಿತ್ರ ಸಂಗತಿ ತಂದು ಮೇಜಿನ ಮೇಲೆ ಇಡುತ್ತಾರೆ. ಅಲ್ಲಿ ಮಾತ್ರ ನನ್ನ ನಿಯಮ ಸಡಿಲ, ಯಾವ ಕಂತಿನಿಂದಲಾದರೂ ಒಳಗೆ ಹೋಗಬಹುದು.

ಸಂಘಟಕರು ಚೀಟಿ ಕಳಿಸಿದ್ದಾರೆ, ಆರು ನಿಮಿಷ ಉಳಿದಿದೆಯಂತೆ. ಮಕ್ಕಳ ಎದುರು ಯಾವುದನ್ನು ಹಾಕಬಾರದು, ಜಾಹೀರಾತಿನ ಕಾಟ, ಈ ಎರಡನ್ನು ಬಿಡುತ್ತೇನೆ. ಕನ್ನಡದ ಮಾತನ್ನು ಬಿಡಲಾರೆ.

ಹರಟೆ ನಮಗೆ ಹೊಸದಲ್ಲ. ವೈದ್ಯರಾಗಿದ್ದ ರಾಶಿಯವರು 1942ರಿಂದ 25 ವರ್ಷ ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿದರು, ಆರ್.ಕೆ. ಲಕ್ಷ್ಮಣ್ ಮೊದಮೊದಲು ಚಿತ್ರ ಬರೆದ ಪತ್ರಿಕೆಗಳಲ್ಲಿ ಅದೂ ಒಂದು. ಗಂಗಾವತಿ ಪ್ರಾಣೇಶ್ ಅವರ ಮಾತು ಕ್ಯಾಸೆಟ್ಟಿನಿಂದ ಮೊಬೈಲ್‌ವರೆಗೆ ಮನೆಮನೆ ಹೊಕ್ಕಿದೆ. ಆದರೆ ಅದು ವೇದಿಕೆಯ ಮಾತು, ಸಾವಿರ ಜನರನ್ನು ನೋಡಿ ಆಡಿದ್ದು. ಒಂದೇ ಕಿವಿಗೆ ಆಡುವ ಮಾತಿನ ಹದವೇ ಬೇರೆ. ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಹಾಸ್ಯಕ್ಕೆಂದೇ ಇರುವುದಲ್ಲ, ಇತಿಹಾಸ ವಿಜ್ಞಾನಗಳನ್ನೆಲ್ಲ ಮಾತನಾಡುತ್ತದೆ. ಆದರೂ ಆ ಹದ ಅಲ್ಲಿ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ನಿಮ್ಮನ್ನು ನಗಿಸಿದ ಕಂತುಗಳು ನಿಮ್ಮ ನಿಮ್ಮ ಫೋನುಗಳಲ್ಲಿ ಚದುರಿವೆ. ಅವುಗಳ ಒಂದು ಪಟ್ಟಿ ಈ ಊರಿನಲ್ಲಾದರೂ ಆಗಬೇಕೆಂಬುದು ನನ್ನ ಆಸೆ.

ಅದಕ್ಕೇ ಬಾಗಿಲ ಬಳಿಯ ಮೇಜಿನ ಮೇಲೆ ಬಿಳಿ ಚೀಟಿಗಳನ್ನು ಇಡಿಸಿದ್ದೇನೆ. ಒಂದು ಕಂತಿನ ಹೆಸರು, ಎಷ್ಟನೆಯ ನಿಮಿಷದಿಂದ ಕೇಳಬೇಕು, ಯಾರಿಗೆ ಹೊಂದುತ್ತದೆ, ಇಷ್ಟೇ ಬರೆಯಿರಿ. ಎರಡನೆಯ ಸಾಲಿನವರು ದಯವಿಟ್ಟು ನಿಲ್ಲಿ. ಯಾರಿಗೆ ಎಂಬುದನ್ನು ನೀವಿನ್ನೂ ಹೇಳಿಲ್ಲ.