ಹಸಿರಾಗಿರೋದೆಲ್ಲ ಕಾಡಲ್ಲ

ಎಲ್ಲರಿಗೂ ನಮಸ್ಕಾರ. ನಾಳೆ ಜೂನ್ 5, ವಿಶ್ವ ಪರಿಸರ ದಿನ. ಊರ ತುಂಬ ಸಸಿ ನೆಡುವ ಸಂಭ್ರಮ. ಸ್ವಯಂಸೇವಕರ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಿ ಅಂತ ಕರೆದಿದ್ದಾರೆ. ಹೇಳುತ್ತೇನೆ, ಆದರೆ ಸ್ವಲ್ಪ ಜಗಳವನ್ನೂ ಆಡುತ್ತೇನೆ. ಬೇಜಾರು ಮಾಡ್ಕೋಬೇಡಿ.

ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನ ಅಂತ ಇದೆ. ಸುಮಾರು 380 ಎಕರೆ. ಮೊದಲು ಅಲ್ಲಿ ಕಲ್ಲುಗಣಿ ಇತ್ತು. ಗಣಿ ನಿಂತ ಮೇಲೆ ಉಳಿದದ್ದು ಹೊಂಡಗಳು, ಮತ್ತೆ ಹೊರದೇಶದಿಂದ ಬಂದು ಬೇರೆ ಗಿಡಗಳನ್ನು ಬೆಳೆಯಗೊಡದೆ ಹಬ್ಬುವ ಬಳ್ಳಾರಿ ಜಾಲಿ. ರಾಯಚೂರು, ಬಳ್ಳಾರಿ ಕಡೆಯವರಿಗೆ ಈ ಪುಣ್ಯಾತ್ಮನ ಪರಿಚಯ ಮಾಡಿಕೊಡಬೇಕಾಗಿಲ್ಲ, ಅಲ್ವಾ? ದೂರದಿಂದ ನೋಡಿದರೆ ಹಸಿರೋ ಹಸಿರು. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುತ್ತೇವಲ್ಲ, ಹಾಗೆಯೇ ಹಸಿರಾಗಿರೋದೆಲ್ಲ ಕಾಡಲ್ಲ.

2010ರಲ್ಲಿ ನಗರಪಾಲಿಕೆಯ ಜೊತೆ ಸೇರಿ ಐಯಾಮ್‌ಗುರ್‌ಗಾಂವ್ ಅನ್ನುವ ನಾಗರಿಕರ ಗುಂಪು ಅಲ್ಲಿ ಕೆಲಸಕ್ಕಿಳಿಯಿತು. ಏನು ನೆಡಬೇಕು? ಅರಾವಳಿ ಬೆಟ್ಟಗಳದೇ ಆದ ಧೌ ಮರ ಯಾವ ನರ್ಸರಿಯಲ್ಲಿ ಸಿಗುತ್ತೆ ಹೇಳಿ. ಅಶೋಕ ಸಿಗುತ್ತೆ, ಗುಲ್‌ಮೊಹರ್ ಸಿಗುತ್ತೆ. ಅದಕ್ಕೆ ಅಲ್ಲಿ ಕಾಡು ಬೆಳೆಸುವ ಕೆಲಸ ನೋಡಿಕೊಂಡ ವಿಜಯ್ ಧಸ್ಮಾನಾ ಮತ್ತವರ ತಂಡ ಹತ್ತಿರದ ಮಾಂಗರ್ ಬನಿಯ ಕಡೆ ನೋಡಿತು. ಅದು ದೇವರ ಕಾಡು, ಊರವರು ಕೊಡಲಿ ಹಾಕಲ್ಲ. ಹಳೆ ಕಾಡು ಹೇಗಿತ್ತು ಅಂತ ಅಲ್ಲಿ ಕಣ್ಣಾರೆ ನೋಡಬಹುದು. ಬೀಜ ಆರಿಸಿ ತಂದು ತಮ್ಮದೇ ನರ್ಸರಿ ಮಾಡಿಕೊಂಡರು. ಧೌ ಬೀಜದಲ್ಲಿ ಬಹಳಷ್ಟು ಜೊಳ್ಳು, ಮೊಳಕೆ ಬರೋದೇ ಕಷ್ಟ. ಶಾಲೆ ಮಕ್ಕಳು, ಆಫೀಸಿನವರು ಬಂದು ಗುಂಡಿ ತೋಡಿ ನೆಟ್ಟರು. 2022ರಲ್ಲಿ ಈ ಉದ್ಯಾನಕ್ಕೆ ಒಇಸಿಎಂ ಅನ್ನುವ ಮನ್ನಣೆ ಸಿಕ್ಕಿತು. ಅಂದರೆ ಅಭಯಾರಣ್ಯ ಅಲ್ಲದಿದ್ದರೂ ಜೀವಿಗಳನ್ನು ಕಾಯುವ ಜಾಗ. ದೇಶದಲ್ಲಿ ಅದೇ ಮೊದಲು.

ಇನ್ನು ನಮ್ಮ ಬಡಾವಣೆಯ ಕಥೆ. ಒಂದು ಕಂಪನಿಯವರು ಬಸ್ಸಿನಲ್ಲಿ ಬಂದರು. ಮೊದಲು ಬ್ಯಾನರ್ ಇಳಿಯಿತು, ಆಮೇಲೆ ತಿಂಡಿ ಪೊಟ್ಟಣ, ಕೊನೆಗೆ ಜನ. ಸಸಿ ಎಲ್ಲಿ ಅಂದರು. ನಾನು ಗ್ಲೌಸು, ಗುದ್ದಲಿ ಕೊಟ್ಟು ಲಂಟಾನ ತೋರಿಸಿದೆ. ಅದೂ ಜಾಲಿಯ ಹಾಗೆ ಹೊರಗಿನಿಂದ ಬಂದು ಹಬ್ಬುವ ಕಳೆ ಪೊದೆ. ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಸಾರ್, ಪರಿಸರ ದಿನಕ್ಕೆ ಗಿಡ ಕೀಳೋದಾ? ಫೋಟೋಗೆ ಏನಂತ ಬರೆಯೋದು?" (ನಗಬೇಡಿ, ಅವನ ಕಷ್ಟ ಅವನಿಗೆ.) ಸುಮ್ನೆ ಮೇಲಿನಿಂದ ಕತ್ತರಿಸಿದರೆ ಲಂಟಾನ ಮತ್ತೆ ಚಿಗುರುತ್ತೆ. ಮಣ್ಣು ಸರಿಸಿ, ಎರಡು ಬೆರಳಷ್ಟು ಕೆಳಗೆ ತಾಯಿಬೇರು ಕಡಿಯಬೇಕು. ಬುಡ ಮೇಲೆ ಮಾಡಿ ಒಣಗಲು ಬಿಡಬೇಕು, ಇಲ್ಲದಿದ್ದರೆ ಮಣ್ಣು ತಾಗಿದ ಕಡೆ ಮತ್ತೆ ಬೇರು ಬಿಡುತ್ತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಇದು. ಆ ಹುಡುಗ ಮಧ್ಯಾಹ್ನದ ಹೊತ್ತಿಗೆ ಬೇರು ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡ. ಈಗ ನಮಗಿಂತ ಚೆನ್ನಾಗಿ ಕಡಿಯುತ್ತಾನೆ.

ಚೀಟಿ ಬಂತು, ಐದು ನಿಮಿಷ ಅಂತೆ. ಮಣ್ಣು, ನೀರು, ದುಡ್ಡು ಅಂತ ಬರೆದುಕೊಂಡು ಬಂದಿದ್ದೆ, ಅವನ್ನು ಬಿಡೋಣ. ಒಂದೇ ಮಾತು. ಎಲ್ಲ ಕಡೆಯೂ ಮರವೇ ಬೇಕು ಅನ್ನಬೇಡಿ. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲನ್ನು ಬರಡು ಅಂತ ತಿಳಿದು ಮರ ನೆಟ್ಟರೆ, ಹುಲ್ಲಲ್ಲೇ ಗೂಡು ಕಟ್ಟುವ ಹಕ್ಕಿ ಎಲ್ಲಿಗೆ ಹೋಗಬೇಕು? ಹಸಿರಾಗಿರೋದೆಲ್ಲ... ಸರಿ, ಹೇಳಿ ಆಯ್ತು.

ಭಾನುವಾರ ಲಂಟಾನ ಕೀಳೋಕೆ ಬರುವವರು ಬಾಗಿಲ ಹತ್ತಿರ ಹೆಸರು ಬರೆಸಿ. ತುಂಬುತೋಳಿನ ಅಂಗಿ ಹಾಕಿಕೊಂಡು ಬನ್ನಿ, ಮುಳ್ಳು ಜಾಸ್ತಿ. ಪ್ರಶ್ನೆ ಇದ್ದರೆ ಕಾಫಿ ಜೊತೆ ಮಾತಾಡೋಣ.